ನಿಮ್ಮೂರಿನ ಸ್ಟೇಷನ್, ಊರಲ್ಲಿ ಮಾತ್ರ ಯಾರೂ ಇಲ್ಲ

ಅಮೆರಿಕದ ಸಣ್ಣ ಊರುಗಳ ಹಿಟ್ ಹಾಡಿನ ರೇಡಿಯೋಗಳಿಂದ ಮತ್ತೆ ಜನರನ್ನು ಮನೆಗೆ ಕಳಿಸಿದ ಸುದ್ದಿ ನೀವೂ ಓದಿರುತ್ತೀರಿ. ನನಗೆ ಆಶ್ಚರ್ಯ ಆಗಿದ್ದು ಬೇರೆ ಕಾರಣಕ್ಕೆ. ಅಲ್ಲಿ ಇನ್ನೂ ಜನ ಇದ್ದರಾ?

ಜಿಂಗಲ್ಲಿಗೇನೂ ಕಮ್ಮಿ ಇಲ್ಲ. 'ನಿಮ್ಮೂರಿನ ನಂಬರ್ ಒನ್ ಹಿಟ್ ಸ್ಟೇಷನ್!' ಬೆಳಗಿನ ಜಾಕಿ ಮಾತ್ರ ಆ ಊರಿಗೆ ಕಾಲಿಟ್ಟವನಲ್ಲ. ಇನ್ಯಾವುದೋ ನಗರದಲ್ಲಿ ಕೂತು, ಗಂಟೆಗಟ್ಟಲೆ ಕಾರ್ಯಕ್ರಮದ ಮಾತನ್ನೆಲ್ಲ ಒಂದೇ ಉಸಿರಿಗೆ ರೆಕಾರ್ಡ್ ಮಾಡಿ ಎದ್ದು ಹೋಗುತ್ತಾನೆ. ಇದಕ್ಕೆ ವಾಯ್ಸ್ ಟ್ರ್ಯಾಕಿಂಗ್ ಅಂತ ಹೆಸರು. ಊರಿನ ಹೆಸರು ಬದಲಿಸಿದರೆ ಮುಂದಿನ ಊರಿಗೂ ಅದೇ ನಗು. 'ಎಂಥಾ ಸೊಗಸಾದ ದಿನ ಅಲ್ವಾ!' ಅನ್ನುವಾಗ ಅಲ್ಲಿ ಮಂಡಿಯುದ್ದ ಹಿಮ ಬಿದ್ದಿರುತ್ತದೆ. ಪಾಪ, ಅವನ ಸ್ಟುಡಿಯೋಗೆ ಕಿಟಕಿ ಇಲ್ಲ.

ಇನ್ನು ಹಾಡು. ಹಲ್ಲುಜ್ಜುವಾಗ ಬಂದದ್ದೇ ಎರಡು-ಮೂರು ಗಂಟೆ ಬಿಟ್ಟು ಮತ್ತೆ ಬರುತ್ತದೆ. ಇದಕ್ಕೊಂದು ಸ್ಥಳಪುರಾಣವಿದೆ. 1950ರ ದಶಕ, ಅಮೆರಿಕದ ಒಮಾಹಾ ನಗರ. ರೇಡಿಯೋ ಸ್ಟೇಷನ್ ಮಾಲೀಕ ಟಾಡ್ ಸ್ಟೋರ್ಜ್ ಹೋಟೆಲಲ್ಲಿ ಕೂತಿದ್ದನಂತೆ. ಗಿರಾಕಿಗಳು ಜ್ಯೂಕ್‌ಬಾಕ್ಸಿಗೆ ಕಾಸು ಹಾಕಿ ದಿನವಿಡೀ ಅದದೇ ಹಾಡು ಕೇಳಿದರಂತೆ. ಬಾಗಿಲು ಹಾಕುವ ಹೊತ್ತಿಗೆ, ಅದನ್ನೇ ಕೇಳಿ ಕೇಳಿ ಸುಸ್ತಾಗಿರಬೇಕಾದ ಸಪ್ಲೈಯರ್ ಹುಡುಗಿ ತನ್ನ ಟಿಪ್ಸ್ ಕಾಸು ತೆಗೆದು ಮತ್ತೆ ಅದನ್ನೇ ಹಾಕಿದಳಂತೆ. ಕೆಲವೇ ಹಿಟ್ ಹಾಡುಗಳನ್ನು ತಿರುಗಿಸಿ ತಿರುಗಿಸಿ ಹಾಕುವ 'ಟಾಪ್ 40' ಪದ್ಧತಿ ಹುಟ್ಟಿದ್ದು ಹೀಗೆ ಅನ್ನುತ್ತಾರೆ. ನನಗೆ ಆ ಹುಡುಗಿಯದೇ ಯೋಚನೆ. ಕಾಲು ನೋಯುತ್ತಿತ್ತೇನೋ, ಖಾಲಿ ಹೋಟೆಲಲ್ಲಿ ಸುಮ್ನೆ ಏನೋ ಒಂದು ಸದ್ದು ಬೇಕಿತ್ತೇನೋ. ಅವಳ ಒಂದು ನಾಣ್ಯಕ್ಕೆ ಲೋಕ ಇವತ್ತಿಗೂ ಬಡ್ಡಿ ಕಟ್ಟುತ್ತಿದೆ.

ಮೊದಲು ಒಂದು ಕಂಪನಿ ಇಡೀ ದೇಶದಲ್ಲಿ 40 ಸ್ಟೇಷನ್‌ಗಿಂತ ಜಾಸ್ತಿ ಇಟ್ಟುಕೊಳ್ಳುವಂತಿರಲಿಲ್ಲ. 1996ರ ದೂರಸಂಪರ್ಕ ಕಾಯ್ದೆ ಆ ಮಿತಿ ತೆಗೆಯಿತು. ಪೈಪೋಟಿ ಬೆಳೆಯಲಿ ಅಂತ! ಕೆಲವೇ ವರ್ಷಗಳಲ್ಲಿ ಒಂದೇ ಕಂಪನಿಯ ಕೈಯಲ್ಲಿ ಸಾವಿರಕ್ಕೂ ಜಾಸ್ತಿ ಸ್ಟೇಷನ್. ಪೈಪೋಟಿ ತನ್ನ ಜೊತೆಗೆ ತಾನೇ.

ನಗು ಇಲ್ಲಿಗೆ ಸಾಕು. 2002ರ ಜನವರಿ, ನಾರ್ತ್ ಡಕೋಟಾದ ಮೈನಾಟ್. ನಡುರಾತ್ರಿ ರೈಲು ಹಳಿ ತಪ್ಪಿ ಅಮೋನಿಯಾ ಊರಿನ ಮೇಲೆ ಹರಡಿತು. ಒಬ್ಬರು ಸತ್ತರು, ನೂರಾರು ಜನ ನರಳಿದರು. ಊರಿನ ಆರು ಖಾಸಗಿ ಸ್ಟೇಷನ್ ಒಂದೇ ಕಂಪನಿಯವು. ಪೊಲೀಸರು ಸ್ಟೇಷನ್ನಿಗೆ ಫೋನ್ ಮಾಡಿದರೆ ಬೇಗ ಯಾರೂ ಸಿಗಲಿಲ್ಲ. ತಪ್ಪು ಯಾರದು ಅಂತ ಆಮೇಲೆ ಪೊಲೀಸರೂ ಕಂಪನಿಯವರೂ ವಾದ ಮಾಡಿದರು. ಮಾಡಿಕೊಳ್ಳಲಿ. ಉಸಿರು ಕಟ್ಟಿ ಎದ್ದು ಕತ್ತಲಲ್ಲಿ ರೇಡಿಯೋ ತಿರುಗಿಸಿದವರಿಗೆ ಬೇಕಿದ್ದದ್ದು, ಓಡಬೇಕೋ ಬಾಗಿಲು ಹಾಕಿ ಒಳಗಿರಬೇಕೋ ಅನ್ನುವ ಒಂದೇ ಒಂದು ಮಾತು.