ಕಿಲೋಗೆ ನೂರು ರೂಪಾಯಿ ಕಡಿಮೆ ಎಂದರೆ

ಕಾಫಿಪುಡಿ ಕೊಡುವವರನ್ನು ಬದಲಿಸಬೇಕೇ ಬೇಡವೇ ಎಂದು ಈಚೆಗೆ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮೈಸೂರಿನಲ್ಲಿ ಸಣ್ಣ ಹೋಟೆಲು ನಡೆಸುವವನು ನಾನು. ಈಗ ಪುಡಿ ಕೊಡುತ್ತಿರುವವರ ರೇಟು ಕಿಲೋಗೆ 600 ರೂಪಾಯಿ. ಹೊಸಬರು 500ಕ್ಕೆ ಕೊಡುತ್ತೇವೆ ಎಂದರು (ಲೆಕ್ಕಕ್ಕೆ ಸುಲಭವಾಗಲೆಂದು ಚಿಲ್ಲರೆ ಬಿಟ್ಟು ಬರೆಯುತ್ತಿದ್ದೇನೆ). ಜೊತೆಗೆ ಎರಡು ತಿಂಗಳ ಉದ್ದರಿ. ಬಾಡಿಗೆ, ಗ್ಯಾಸ್, ಹಾಲು, ಸಂಬಳ ಎಲ್ಲವೂ ಏರುತ್ತಿರುವಾಗ ಇಂಥ ಮಾತು ಕಿವಿಗೆ ಹಿತವಾಗಿಯೇ ಕೇಳುತ್ತದೆ. "ಅಣ್ಣಾ, ಇದರಲ್ಲಿ ಯೋಚಿಸುವುದೇನಿದೆ?" ಎಂದ ನನ್ನ ತಮ್ಮ. ಯೋಚಿಸುವುದು ಬಹಳ ಇದೆ.

ಮೊದಲು ಕೇಳಬೇಕಾದದ್ದು, ಕಡಿಮೆಯಾಗಿರುವುದು ಬೆಲೆಯೋ ಅಥವಾ ಪದಾರ್ಥವೋ ಎಂದು. ಹೋಟೆಲಿನ ಪುಡಿಯಲ್ಲಿ ಚಿಕೋರಿ (ಹುರಿದು ಪುಡಿ ಮಾಡಿದ ಒಂದು ಬಗೆಯ ಬೇರು) ಇದ್ದೇ ಇರುತ್ತದೆ. ಡಿಕಾಕ್ಷನ್‌ಗೆ ಬಣ್ಣ, ಗಟ್ಟಿತನ ಬರುವುದು ಅದರಿಂದಲೇ. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51ರಷ್ಟು ಇರಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಬೇಕು ಎಂಬುದು ಆಹಾರ ಸುರಕ್ಷತಾ ನಿಯಮ. ನಾವು ಕೊಳ್ಳುತ್ತಿರುವುದು 80-20ರ ಮಿಶ್ರಣ. ಹೊಸಬರ ಸ್ಯಾಂಪಲ್ ಪೊಟ್ಟಣ ತಿರುಗಿಸಿ ನೋಡಿದರೆ 60-40.

ಎರಡು ಗಾಜಿನ ಲೋಟಗಳಲ್ಲಿ ತಣ್ಣೀರು ತುಂಬಿಸಿ ಎರಡೂ ಪುಡಿಯನ್ನು ಚಿಟಿಕೆ ಚಿಟಿಕೆ ಉದುರಿಸಿದೆ. ಕಾಫಿ ಮೇಲೆ ತೇಲುತ್ತದೆ, ಚಿಕೋರಿ ಕಂದು ಎಳೆಗಳನ್ನು ಬಿಡುತ್ತಾ ಮುಳುಗುತ್ತದೆ. ಹಳೆಯ ಪುಡಿಯ ಲೋಟದಲ್ಲಿ ಎಳೆಗಳು ಅಲ್ಲೊಂದು ಇಲ್ಲೊಂದು. ಹೊಸದರಲ್ಲಿ ನೋಡನೋಡುತ್ತಿದ್ದಂತೆ ತಳದವರೆಗೆ ಬಣ್ಣ ಇಳಿಯಿತು. ತಮ್ಮನೂ ಬಗ್ಗಿ ನೋಡಿದ, ಮಾತಾಡಲಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಲೋಟಕ್ಕೆ 10 ಗ್ರಾಂ ಹಿಡಿದರೆ ಹಳೆಯ ಪುಡಿಗೆ 6 ರೂಪಾಯಿ, ಹೊಸದಕ್ಕೆ 5 ರೂಪಾಯಿ. ಒಂದು ರೂಪಾಯಿ ಉಳಿಯಿತು. ಆದರೆ ಹಳೆಯ 10 ಗ್ರಾಂನಲ್ಲಿ 8 ಗ್ರಾಂ ಕಾಫಿ ಇದೆ, ಹೊಸದರಲ್ಲಿ 6 ಗ್ರಾಂ ಮಾತ್ರ. ಘಮ ಸಾಲದು ಎಂದು ಭಟ್ಟರು 12 ಗ್ರಾಂ ಹಾಕಿದರೆ ಅದಕ್ಕೂ 6 ರೂಪಾಯಿಯೇ ಆಯಿತು. ಆಗಲೂ ಕಾಫಿ 7.2 ಗ್ರಾಂ ಅಷ್ಟೆ, ಚಿಕೋರಿಯ ಕಹಿಯಂತೂ ಎರಡು ಪಟ್ಟು ಮೀರಿತು. ಉಳಿತಾಯ ಎಲ್ಲಿ ಉಳಿಯಿತು? ಬೆಳಿಗ್ಗೆ ಆರಕ್ಕೆ ವಾಕಿಂಗ್ ಮುಗಿಸಿ ಬರುವ ನಮ್ಮ ಹಿರಿಯರು ಒಂದು ಗುಟುಕಿನಲ್ಲೇ ಇದನ್ನು ಕಂಡುಹಿಡಿಯುತ್ತಾರೆ. ಅವರು ಜಗಳವಾಡುವುದಿಲ್ಲ, ಪಕ್ಕದ ರಸ್ತೆಯ ಹೋಟೆಲಿಗೆ ಹೋಗುತ್ತಾರೆ. ಅವರೊಂದಿಗೆ ಇಡ್ಲಿ-ವಡೆಯ ವ್ಯಾಪಾರವೂ ಹೋಗುತ್ತದೆ.

ಇನ್ನೊಂದು ವಿಷಯ, ತೆರಿಗೆ. ಹೊಸಬರ 500ರ ಮುಂದೆ 'ಜಿಎಸ್‌ಟಿ ಪ್ರತ್ಯೇಕ' ಎಂದಿತ್ತು. ಶೇ 5ರ ಜಿಎಸ್‌ಟಿ ಕಟ್ಟುವ ನಮ್ಮಂಥ ಹೋಟೆಲುಗಳಿಗೆ ಖರೀದಿಯ ಮೇಲಿನ ತೆರಿಗೆ ವಾಪಸ್ ಸಿಗುವುದಿಲ್ಲ, ಅದು ನೇರ ಖರ್ಚೇ. ಆದ್ದರಿಂದ ತೆರಿಗೆ ಸೇರಿಸಿದ ರೇಟನ್ನೇ ಹೋಲಿಸಬೇಕು. ಎರಡು ತಿಂಗಳ ಉದ್ದರಿಯೂ ನನಗೆ ಬೇಡ. ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಸಲ್ಲಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ. ಬಾಕಿ ಉಳಿಸಿಕೊಂಡವನಿಗೆ ಪುಡಿ ಚೆನ್ನಾಗಿಲ್ಲ ಎಂದು ಗಟ್ಟಿಯಾಗಿ ಹೇಳುವ ಬಾಯಿ ಇರುವುದಿಲ್ಲ.

ಹಳಬರ ಬಗ್ಗೆ ನನಗಿರುವುದು ಬರೀ ದಾಕ್ಷಿಣ್ಯವಲ್ಲ. ವಿಯೆಟ್ನಾಂನಲ್ಲಿ ಬರ, ಬ್ರೆಜಿಲ್‌ನಲ್ಲಿ ಮಳೆಯ ಕೊರತೆ ಎಂದು 2024ರಲ್ಲಿ ಕಾಫಿ ಬೀಜದ ಬೆಲೆ ಏರುತ್ತಲೇ ಹೋಯಿತು. 2025ರ ಆರಂಭದಲ್ಲಿ ಅರೇಬಿಕಾ ಜಾಗತಿಕ ಮಾರುಕಟ್ಟೆಯಲ್ಲಿ ದಾಖಲೆ ಮುಟ್ಟಿತು. ಕೊಡಗು, ಚಿಕ್ಕಮಗಳೂರು ನಮ್ಮ ಪಕ್ಕದಲ್ಲೇ ಇದ್ದರೂ ಬೆಲೆ ನಿಗದಿಯಾಗುವುದು ಲಂಡನ್, ನ್ಯೂಯಾರ್ಕ್‌ಗಳಲ್ಲಿ. ಆಗ ನಮ್ಮ ಪುಡಿಯವರು ರೇಟು ಏರಿಸುವ ಮೊದಲೇ ಫೋನ್ ಮಾಡಿ ತಿಳಿಸಿದರು. ಚಿಕೋರಿ ಹೆಚ್ಚಿಸಿ ಹಳೆಯ ರೇಟಿಗೇ ಕೊಟ್ಟಿದ್ದರೆ ಮೊದಮೊದಲು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಮಾಡಲಿಲ್ಲ. ದಸರಾ ಜನಸಂದಣಿಯಲ್ಲಿ ಪುಡಿ ಖಾಲಿಯಾಯಿತೆಂದರೆ ರಾತ್ರಿಯೇ ಸ್ಕೂಟರಿನಲ್ಲಿ ತಂದು ಇಳಿಸುತ್ತಾರೆ. ಇದಕ್ಕೆ ಬಿಲ್ಲಿನಲ್ಲಿ ಕಾಲಂ ಇಲ್ಲ.

ಹಾಗೆಂದು ಹಳಬರೇ ದೇವರು ಎಂದು ಕೂರುವವನೂ ನಾನಲ್ಲ. ಪಾರ್ಸೆಲ್ ಕವರು, ಟಿಶ್ಯೂ ಪೇಪರು ಕೊಡುವವರನ್ನು ಹಿಂದೆಮುಂದೆ ನೋಡದೆ ಬದಲಿಸಿದ್ದೇನೆ. ಅಳತೆ ಅದೇ, ದಪ್ಪ ಅದೇ, ರೇಟು ಮಾತ್ರ ಕಡಿಮೆ. ಗಿರಾಕಿಯ ನಾಲಿಗೆಗೆ ತಗಲುವ ಪದಾರ್ಥದಲ್ಲಿ ಆ ಆತುರ ಕೂಡದು ಎಂಬುದಷ್ಟೇ ನನ್ನ ಮಾತು.

ಹೊಸಬರ ರೇಟನ್ನು ಹಳಬರಿಗೆ ತೋರಿಸಿದೆ. ಮುಚ್ಚಿಟ್ಟು ಚೌಕಾಸಿ ಮಾಡುವುದು ನನಗೆ ಇಷ್ಟವಿಲ್ಲ. ಬಿಲ್ಲು ಬಂದ ವಾರದೊಳಗೆ ಹಣ ಕೊಟ್ಟರೆ ಕಿಲೋಗೆ 15 ರೂಪಾಯಿ ಬಿಡುತ್ತೇನೆ ಎಂದರು, ಒಪ್ಪಿಕೊಂಡೆ. ಹೊಸಬರಿಗೂ ಬಾಗಿಲು ಮುಚ್ಚಿಲ್ಲ. 80-20ರ ಪುಡಿಗೆ ತೆರಿಗೆ ಸೇರಿಸಿ ಎಷ್ಟಾಗುತ್ತದೆಂದು ಬರೆದು ಕಳುಹಿಸಿ, ಜೊತೆಗೆ ಒಂದು ಕಿಲೋ ಸ್ಯಾಂಪಲ್ ಇರಲಿ ಎಂದಿದ್ದೇನೆ. ಬಂದರೆ ಮೊದಲ ಲೋಟ ಭಟ್ಟರಿಗೆ, ಎರಡನೆಯದು ತಮ್ಮನಿಗೆ.