ಕೊನೆಯ ದೋಣಿ ಬರುವವರೆಗೂ ಕಾಯೋಣ

ಹಾಯಿದೋಣಿಯಲ್ಲಿ ಸಾಗರ ದಾಟುವವರಲ್ಲಿ ಇತ್ತೀಚೆಗೆ ಒಂದು ಅಭ್ಯಾಸ ಜಾಸ್ತಿ ಕಾಣುತ್ತಿದೆ. ಮೊದಲು ದಡ ಸೇರಿದವರು ಎರಡು ದಿನ ಚೆನ್ನಾಗಿ ನಿದ್ದೆ ಮಾಡುತ್ತಾರೆ. ನೀರು, ಡೀಸೆಲ್ ತುಂಬಿಸಿಕೊಳ್ಳುತ್ತಾರೆ. ಮುಂದಿನ ದ್ವೀಪಕ್ಕೆ ಹೊರಟೇಬಿಡುತ್ತಾರೆ. ಹಿಂದೆ ಬರುತ್ತಿರುವ ಗೆಳೆಯರಿಗೆ ಫೋನಿನಲ್ಲಿ ಒಂದು ಸಂದೇಶ: ‘ಮುಂದೆ ಎಲ್ಲಾದರೂ ಸಿಗೋಣ.’

ನನಗೆ ಇದು ಸರಿ ಕಾಣುವುದಿಲ್ಲ. ಒಂದೇ ಬಂದರಿನಿಂದ ಒಂದೇ ವಾರದಲ್ಲಿ ಹೊರಟವರು ಆ ಕಡೆಯ ದಡದಲ್ಲಿ ಮತ್ತೆ ಒಟ್ಟಾಗಬೇಕು. ಕೊನೆಯ ದೋಣಿ ಬಂದು ಲಂಗರು ಹಾಕುವವರೆಗೂ ಉಳಿದವರು ಕಾಯಬೇಕು.

ಮೊದಲಿಗೆ, ಕೊನೆಗೆ ಬರುವವರು ಯಾಕೆ ಕೊನೆಗೆ ಬರುತ್ತಾರೆ ಅಂತ ನೋಡೋಣ. ಅವರಿಗೆ ಹಾಯಿ ಕಟ್ಟಲು ಬರುವುದಿಲ್ಲ ಅಂತಲ್ಲ. ದೋಣಿ ಚಿಕ್ಕದು, ಅಷ್ಟೇ. ಓಡುವ ದೋಣಿ ತಾನೇ ಒಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯೂ ಉದ್ದವಾಗುತ್ತದೆ. ನೀರಿಗೆ ತಾಗಿರುವ ದೋಣಿಯ ಉದ್ದ ಮತ್ತು ಅಲೆಯ ಉದ್ದ ಒಂದೇ ಆದಾಗ, ದೋಣಿ ತನ್ನದೇ ಅಲೆಯ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎಷ್ಟು ಗಾಳಿ ಬಂದರೂ ವೇಗ ಹೆಚ್ಚು ಏರುವುದಿಲ್ಲ. ನೀರಿನಲ್ಲಿ 25 ಅಡಿ ಉದ್ದವಿರುವ ದೋಣಿಗೆ ಈ ಮಿತಿ ಸುಮಾರು 6.7 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, ಸುಮಾರು 1.85 ಕಿ.ಮೀ.). 36 ಅಡಿಯದಕ್ಕೆ ಸುಮಾರು 8 ನಾಟ್.

ಕೇಳುವುದಕ್ಕೆ ಸಣ್ಣ ವ್ಯತ್ಯಾಸ. ಆದರೆ ಪೆಸಿಫಿಕ್ ಸಾಗರದ ಗಲಾಪಗೋಸ್‌ನಿಂದ ಫ್ರೆಂಚ್ ಪಾಲಿನೇಷ್ಯಾದ ಮಾರ್ಕ್ವೆಸಸ್ ದ್ವೀಪಗಳಿಗೆ ಸುಮಾರು 3,000 ನಾಟಿಕಲ್ ಮೈಲು. ದಿನರಾತ್ರಿ ಸರಾಸರಿ 5 ನಾಟ್‌ನಲ್ಲಿ ಹೋದರೆ 25 ದಿನ ಬೇಕು. ಆರೂವರೆ ನಾಟ್‌ನಲ್ಲಿ ಹೋದರೆ 19 ದಿನ ಸಾಕು. ಅದೇ ಗಾಳಿ, ಅದೇ ನೀರು. ಚಿಕ್ಕ ದೋಣಿಯವರಿಗೆ ಆರು ರಾತ್ರಿ ಹೆಚ್ಚಿನ ಕಾವಲು, ಆರು ದಿನ ಹೆಚ್ಚಿನ ಒದ್ದೆ ಬಟ್ಟೆ. ಎಲ್ಲರಿಗಿಂತ ಜಾಸ್ತಿ ಕಷ್ಟಪಟ್ಟು ಬಂದವರಿಗೇ ಖಾಲಿ ಲಂಗರುತಾಣ ಸಿಗುವುದು ಯಾವ ನ್ಯಾಯ ಹೇಳಿ?

ಒಂದು ಸಲ ನಮ್ಮ ಜೊತೆ ಹೊರಟಿದ್ದ ಗಂಡ ಹೆಂಡತಿಯ ದೋಣಿಯಲ್ಲಿ ಅರ್ಧ ದಾರಿಗೆ ಸ್ವಯಂಚಾಲಿತ ಚುಕ್ಕಾಣಿ ಕೆಟ್ಟಿತು. ಇದರ ಅರ್ಥ ದಡದಲ್ಲಿರುವವರಿಗೆ ಬೇಗ ಹೊಳೆಯುವುದಿಲ್ಲ. ಇಬ್ಬರಲ್ಲಿ ಒಬ್ಬರು ಸದಾ ಚುಕ್ಕಾಣಿ ಹಿಡಿದು ಕೂತೇ ಇರಬೇಕು. ಮೂರು ಗಂಟೆ ಇವರು, ಮೂರು ಗಂಟೆ ಅವರು. ಅಡುಗೆ, ಹಾಯಿ ಇಳಿಸುವುದು, ನಿದ್ದೆ ಎಲ್ಲವೂ ಉಳಿದ ಹೊತ್ತಿನಲ್ಲೇ ಆಗಬೇಕು. ಒಟ್ಟಿಗೆ ಕೂತು ಒಂದು ಊಟ ಮಾಡುವುದೂ ಕಷ್ಟ.

ದಿನಾ ಬೆಳಿಗ್ಗೆ ಗೊತ್ತಾದ ಹೊತ್ತಿಗೆ ನಾವೆಲ್ಲ ರೇಡಿಯೊದಲ್ಲಿ ಸೇರುತ್ತಿದ್ದೆವು. ಅಕ್ಷಾಂಶ, ರೇಖಾಂಶ, ಗಾಳಿಯ ವೇಗ, ಎಲ್ಲರೂ ಕ್ಷೇಮ. ಹೇಳುವುದು ಇಷ್ಟೇ. ಆದರೆ ದಿನ ಹೋದಂತೆ ಮಾತಿಗಿಂತ ದನಿ ಹೆಚ್ಚು ಹೇಳತೊಡಗುತ್ತದೆ. ಆಕೆಯ ದನಿ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು. ‘ಕ್ಷೇಮ’ ಅನ್ನುತ್ತಿದ್ದಳು, ನಮಗೆ ನಂಬಿಕೆ ಬರುತ್ತಿರಲಿಲ್ಲ. ನಾವು ದಡ ಸೇರಿದ ಮೇಲೂ ಆ ರೇಡಿಯೊ ಹೊತ್ತನ್ನು ತಪ್ಪಿಸಲಿಲ್ಲ. ಕಾಯುವುದು ಅಲ್ಲಿಂದಲೇ ಶುರು ಅಂತ ನನ್ನ ಅನಿಸಿಕೆ. ನಾವು ತಲುಪಿಬಿಟ್ಟೆವು ಅಂತ ರೇಡಿಯೊ ಆರಿಸಿಬಿಟ್ಟರೆ, ಹಿಂದಿರುವವರ ಸಮುದ್ರ ಇನ್ನೂ ದೊಡ್ಡದಾಗುತ್ತದೆ.

ಅವರು ಬಂದ ದಿನ ನಾವು ಅಷ್ಟೂ ಜನ ಡಿಂಗಿಗಳಲ್ಲಿ, ಅಂದರೆ ದಡಕ್ಕೆ ಹೋಗಿಬರುವ ಪುಟ್ಟ ದೋಣಿಗಳಲ್ಲಿ, ಎದುರು ಹೋದೆವು. ಆದರೆ ಅವರ ದೋಣಿ ಹತ್ತುವ ಹಾಗಿರಲಿಲ್ಲ. ಹೊಸ ದೇಶಕ್ಕೆ ಬಂದ ದೋಣಿ ಹಳದಿ ಬಾವುಟ ಏರಿಸಬೇಕು. ಅಧಿಕಾರಿಗಳ ಕಾಗದಪತ್ರ ಮುಗಿಯುವ ತನಕ ಯಾರೂ ಇಳಿಯಬಾರದು, ಯಾರೂ ಹತ್ತಬಾರದು. ಹಾಗಾಗಿ ಡಿಂಗಿಗಳಲ್ಲಿ ಅವರ ಸುತ್ತ ತೇಲುತ್ತಲೇ ಮಾತಾಡಿದೆವು. ಆಕೆ ನಿಲ್ಲಿಸದೆ ಮಾತಾಡಿದಳು. ಆತ ಕಂಬಿ ಹಿಡಿದುಕೊಂಡು ಸುಮ್ನೆ ನಮ್ಮ ಮುಖಗಳನ್ನೇ ನೋಡುತ್ತಿದ್ದ. ಕೈಯೆಲ್ಲ ಉಪ್ಪುನೀರಿಗೆ ಬಿರಿದಿತ್ತು. ಆಮೇಲೆ ಆತ ಕೇಳಿದ ಮೊದಲ ಪ್ರಶ್ನೆ, ‘ಹುಣ್ಣಿಮೆ ರಾತ್ರಿ ನೀವು ಎಲ್ಲಿದ್ದಿರಿ?’ ಆ ರಾತ್ರಿ ಅವನಿಗೆ ತುಂಬ ಭಯವಾಗಿತ್ತಂತೆ. ಯಾಕೆ ಅಂತ ನಾವು ಕೇಳಲಿಲ್ಲ. ಕೇಳದೆಯೇ ಗೊತ್ತಿತ್ತು.

ನಾನು ಹೇಳಬೇಕೆಂದಿರುವುದು ಇದನ್ನೇ. ಉದ್ದದ ಪ್ರಯಾಣ ಮುಗಿಸಿ ಬಂದವರು ದಡದ ಜನಕ್ಕೆ ಬಿರುಗಾಳಿ ಮತ್ತು ತಿಮಿಂಗಿಲದ ಕತೆ ಹೇಳುತ್ತಾರೆ. ಕೇಳುವವರಿಗೂ ಅದೇ ಬೇಕು. ಆದರೆ ನಡುರಾತ್ರಿಯ ಕಾರಣವಿಲ್ಲದ ಭಯ, ಒಂದು ಲೋಟಕ್ಕಾಗಿ ನಡೆದ ಜಗಳ, ಯಾವ ಬದಲಾವಣೆಯೂ ಇಲ್ಲದ ದಿನಗಳ ಬೇಸರ, ಇವನ್ನು ಅದೇ ನೀರಿನಲ್ಲಿ ಬಂದವರ ಹತ್ತಿರ ಮಾತ್ರ ಹೇಳಿಕೊಳ್ಳಬಹುದು. ಅದನ್ನೂ ಬೇಗ ಹೇಳಿಕೊಳ್ಳಬೇಕು. ತಿಂಗಳು ಕಳೆದರೆ ನೆನಪು ಹದವಾದ ಕತೆಯಾಗಿ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಸಿಕ್ಕವರಿಗೆ ಆ ಕತೆಯೇ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ‘ಮುಂದೆ ಎಲ್ಲಾದರೂ’ ಅನ್ನುವುದು ಸಾಲುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ಈಗ ಉಪಗ್ರಹ ಇಂಟರ್ನೆಟ್ ಇದೆ, ನಡುಸಮುದ್ರದಿಂದಲೇ ವಿಡಿಯೊ ಕರೆ ಮಾಡಬಹುದು ಅಂತ ಕೆಲವರು ಹೇಳುತ್ತಾರೆ. ಒಳ್ಳೆಯದೇ. ಹವಾಮಾನ ಗೊತ್ತಾಗುತ್ತದೆ, ಮನೆಯವರಿಗೆ ನೆಮ್ಮದಿ. ಆದರೆ ಬಿರಿದ ಕೈಗೆ ಒಂದು ಕೈ ಸಿಗಬೇಕಲ್ವಾ?

ಸ್ಪರ್ಧೆಯಲ್ಲಿರುವವರೇ ಒಬ್ಬರಿಗೊಬ್ಬರು ನಿಂತ ಉದಾಹರಣೆಗಳಿವೆ. ಒಬ್ಬರೇ ದೋಣಿಯಲ್ಲಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನ 2018ರ ಆವೃತ್ತಿಯಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ನಮ್ಮ ಅಭಿಲಾಷ್ ಟೋಮಿ ಅವರ ದೋಣಿಯ ಕಂಬ ಮುರಿದು, ಬೆನ್ನಿಗೆ ಪೆಟ್ಟಾಗಿ ಮೇಲೇಳಲು ಆಗದೆ ಮಲಗಿದ್ದರು. ಅದೇ ಬಿರುಗಾಳಿಯಲ್ಲಿ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್ ಅವರ ದೋಣಿಯ ಕಂಬಗಳೂ ಮುರಿದಿದ್ದವು. ಅವರು ಸಿಕ್ಕ ತುಂಡುಗಳಲ್ಲೇ ಒಂದು ತಾತ್ಕಾಲಿಕ ಹಾಯಿ ಕಟ್ಟಿಕೊಂಡು ಅಭಿಲಾಷ್ ಇದ್ದ ಕಡೆಗೇ ಹೊರಟರು. ಕೊನೆಗೆ ಫ್ರಾನ್ಸಿನ ಒಸಿರಿಸ್ ಎಂಬ ಮೀನುಗಾರಿಕಾ ಗಸ್ತು ಹಡಗು ಇಬ್ಬರನ್ನೂ ರಕ್ಷಿಸಿತು. ಇದೇ ರೇಸಿನ 2022ರ ಆವೃತ್ತಿಯಲ್ಲಿ ಫಿನ್ಲೆಂಡಿನ ಟಾಪಿಯೊ ಲೆಹ್ಟಿನೆನ್ ಅವರ ದೋಣಿ ಮುಳುಗಿತು. ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್ಶೇಫರ್ ರೇಸು ಬಿಟ್ಟು ದಾರಿ ತಿರುಗಿಸಿದರು. ತೆಪ್ಪದಲ್ಲಿದ್ದ ಅವರನ್ನು ಮೇಲೆತ್ತಿ ಸರಕು ಹಡಗಿಗೆ ಹತ್ತಿಸಿ ಮತ್ತೆ ಮುಂದುವರಿದರು. 2023ರ ಏಪ್ರಿಲ್‌ನಲ್ಲಿ ಆ ರೇಸನ್ನು ಗೆದ್ದವರೂ ಅವರೇ. ಅಭಿಲಾಷ್ ಎರಡನೆಯವರಾದರು. ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುವ ಜಾಗದಲ್ಲಿ ಅವರು ಹಾಗೆ ನಡೆದುಕೊಂಡರು. ಗಡಿಯಾರವೇ ಇಲ್ಲದ ನಮಗೆ ಒಂದು ವಾರ ಕಾಯಲು ಏನು ಅಡ್ಡಿ?

ಅಡ್ಡಿ ಇಲ್ಲವೇ ಇಲ್ಲ ಅಂತಲ್ಲ. ವೀಸಾ ಇದೆ. ಫ್ರೆಂಚ್ ಪಾಲಿನೇಷ್ಯಾದಲ್ಲಿ ಅನೇಕ ದೇಶದವರಿಗೆ ಸಿಗುವುದು 90 ದಿನ. ಚಂಡಮಾರುತದ ಕಾಲವೂ ಇದೆ. ದಕ್ಷಿಣ ಪೆಸಿಫಿಕ್‌ನಲ್ಲಿ ಅದು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಆ ಹೊತ್ತಿಗೆ ಸುರಕ್ಷಿತ ಜಾಗ ಸೇರಲೇಬೇಕು, ಅದರಲ್ಲಿ ಮಾತಿಲ್ಲ. ಆದರೆ ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಮಾರ್ಕ್ವೆಸಸ್ ತಲುಪಿದವರಿಗೆ ನವೆಂಬರ್ ಇನ್ನೂ ದೂರ. ಕಾಲ ಇಲ್ಲ ಅನ್ನುವವರಲ್ಲಿ ಬಹಳ ಜನಕ್ಕೆ ನಿಜವಾಗಿ ಇರುವುದು ಮೊದಲೇ ಕೊಂಡ ವಿಮಾನದ ಟಿಕೆಟ್ಟು.

ಮುಂಚಿನವರಿಗೆ ಕಾಯಲು ಆಗದಿದ್ದರೆ ಕಾಗದ ಬರೆದಿಟ್ಟು ಹೋಗುತ್ತಿದ್ದರು. ಅಟ್ಲಾಂಟಿಕ್ ಸಾಗರದಲ್ಲಿರುವ ಪೋರ್ಚುಗಲ್ಲಿನ ಅಝೋರ್ಸ್ ದ್ವೀಪಗಳ ಹೋರ್ಟಾ ಬಂದರಿನಲ್ಲಿ 1918ರಲ್ಲಿ ಶುರುವಾದ ಪೀಟರ್ ಕೆಫೆ ಸ್ಪೋರ್ಟ್ ನಾವಿಕರ ಕಾಗದಗಳನ್ನು ಜೋಪಾನವಾಗಿಟ್ಟು ಬಂದವರಿಗೆ ಕೊಡುತ್ತಿತ್ತು. ಆ ಬಂದರಿನ ಗೋಡೆಗಳ ತುಂಬ ದೋಣಿಯವರು ಬರೆದ ಚಿತ್ರಗಳಿವೆ, ಹೆಸರು ಮತ್ತು ಇಸವಿ ಸಮೇತ. ಗೆಳೆಯರ ದೋಣಿಯ ಹೆಸರನ್ನು ಅಲ್ಲಿ ಹುಡುಕುವುದೇ ಒಂದು ಸಂತೋಷ.

ಈ ವರ್ಷ ಹೊರಡುವವರಲ್ಲಿ ನನ್ನದೊಂದು ಕೋರಿಕೆ. ಲಂಗರು ಎತ್ತುವ ಮೊದಲು ಎಲ್ಲ ದೋಣಿಯವರೂ ಒಮ್ಮೆ ಕೂತು ಮಾತಾಡಿ. ಎಲ್ಲರಿಗಿಂತ ನಿಧಾನದ ದೋಣಿ ತಲುಪುವ ದಿನ ಅಂದಾಜು ಮಾಡಿ, ಅದಕ್ಕೆ ಇನ್ನೊಂದು ವಾರ ಸೇರಿಸಿ. ಅದಕ್ಕೂ ಮುಂಚೆ ಯಾರೂ ಟಿಕೆಟ್ ತೆಗೆಯಬೇಡಿ. ಮೊದಲು ತಲುಪಿದವರು ಲಂಗರು ಎಲ್ಲಿ ಚೆನ್ನಾಗಿ ಕಚ್ಚುತ್ತದೆ, ಆಳ ಎಷ್ಟು ಅಂತ ರೇಡಿಯೊದಲ್ಲಿ ಹಿಂದಿನವರಿಗೆ ತಿಳಿಸಿ. ಕಾಗದಪತ್ರ ಮುಗಿದ ಕೂಡಲೇ ಬಿಸಿ ಊಟ ತಲುಪಿಸಿ, ಆ ರಾತ್ರಿ ಅವರನ್ನು ಮಲಗಲು ಬಿಡಿ. ಮಾತುಕತೆ ಮರುದಿನ ಸಂಜೆ ಇರಲಿ. ನಮ್ಮ ಗುಂಪಿನವರು ಮುಂದಿನ ಪ್ರಯಾಣಕ್ಕೆ ಈಗಾಗಲೇ ಹೀಗೆ ಒಪ್ಪಿಕೊಂಡಿದ್ದೇವೆ. ಸೇರುವ ದಿನವನ್ನು ಗೊತ್ತುಮಾಡುವುದು ಎಲ್ಲರಿಗಿಂತ ಚಿಕ್ಕ ದೋಣಿಯವರು.