ಸತ್ಯಾಂಶ: ಇನ್ಹೇಲರ್ ಚಟ ಹಿಡಿಸುತ್ತದೆಯೇ?

'ಇನ್ಹೇಲರ್ ಒಮ್ಮೆ ಹಿಡಿದರೆ ಬಿಡದು, ಮಾತ್ರೆಯೇ ಸೌಮ್ಯ' ಎಂಬ ಸಂದೇಶ ಆಸ್ತಮಾ ಇರುವವರ ಮೊಬೈಲಿಗೆ ಮತ್ತೆ ಮತ್ತೆ ಬಂದು ಬೀಳುತ್ತದೆ.

ಲೆಕ್ಕ ಬೇರೆಯೇ ಹೇಳುತ್ತದೆ. ಶ್ವಾಸನಾಳ ಹಿಗ್ಗಿಸಿ ಉಬ್ಬಸ ತಗ್ಗಿಸುವ ಸಾಲ್ಬುಟಮಾಲ್ ಔಷಧದ ಇನ್ಹೇಲರನ್ನು ಒಮ್ಮೆ ಒತ್ತಿದರೆ ಸಾಮಾನ್ಯವಾಗಿ ಬರುವುದು 100 ಮೈಕ್ರೋಗ್ರಾಂ. ಅದೇ ಔಷಧದ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ, ಅಂದರೆ 20ರಿಂದ 40 ಪಟ್ಟು. ಮಾತ್ರೆ ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುವುದರಿಂದ ಕೈನಡುಕ, ಎದೆಬಡಿತದ ಕಾಟವೂ ಹೆಚ್ಚು. ಇದನ್ನು ಸೌಮ್ಯ ಎನ್ನುವುದು ಹೇಗೋ!

ಇನ್ಹೇಲರಿನದು ಏರೋಸಾಲ್, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು. 1ರಿಂದ 5 ಮೈಕ್ರಾನ್ ಗಾತ್ರದವು ಸಣ್ಣ ಶ್ವಾಸನಾಳಗಳವರೆಗೆ ಇಳಿಯುತ್ತವೆ. ದಪ್ಪನೆಯವು ತಿರುವಿನಲ್ಲೇ ಗಂಟಲಿಗೆ ಬಡಿದು ಅಂಟಿಕೊಳ್ಳುತ್ತವೆ. ವೈದ್ಯರು ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಟೊಳ್ಳು ಕೊಳವೆ) ಬಳಸಲು, ನಿಧಾನವಾಗಿ ಉಸಿರೆಳೆಯಲು ಹೇಳುವುದು ಇದಕ್ಕೇ. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಇನ್ಹೇಲರ್ ಆದರೆ ಬಳಿಕ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಬಾಯಲ್ಲಿ ಶಿಲೀಂಧ್ರ ಸೋಂಕು ತಗಲಬಹುದು.

ಔಷಧ ನಿಲ್ಲಿಸಿದಾಗ ಉಬ್ಬಸ ಮರಳಿದರೆ ಅದು ಚಟವಲ್ಲ, ವಾಸಿಯಾಗದೆ ಉಳಿದಿರುವ ಶ್ವಾಸನಾಳದ ಉರಿಯೂತ. ತಕ್ಷಣ ಆರಾಮ ಕೊಡುವ ಇನ್ಹೇಲರ್ ಪದೇ ಪದೇ ಬೇಕಾಗುತ್ತಿದ್ದರೆ ಮಾತ್ರ ಎಚ್ಚರ: ಕಾಯಿಲೆ ಹತೋಟಿ ತಪ್ಪುತ್ತಿದೆ, ವೈದ್ಯರನ್ನು ಕಂಡು ಚಿಕಿತ್ಸೆ ಬದಲಿಸಿಕೊಳ್ಳಬೇಕು.